ಎರಡು ಮಾತ್ರೆ ಸೋತ ಮೇಲೆ: ಚಿಕಿತ್ಸೆಗೆ ಬಗ್ಗದ ಖಿನ್ನತೆಯ ಹಿನ್ನೆಲೆ

ಸಾಕಷ್ಟು ಡೋಸ್‌ನಲ್ಲಿ, ಸಾಕಷ್ಟು ಕಾಲ, ಕನಿಷ್ಠ ಎರಡು ಔಷಧ ತೆಗೆದುಕೊಂಡರೂ ಗುಣ ಕಾಣದಿದ್ದರೆ ಅದು ‘ಚಿಕಿತ್ಸೆಗೆ ಬಗ್ಗದ ಖಿನ್ನತೆ’. ಇಂದು ಎಲ್ಲೆಡೆ ಚಾಲ್ತಿಯಲ್ಲಿರುವ ವ್ಯಾಖ್ಯೆ ಇದು. ಇದರಲ್ಲಿ ಎಲ್ಲರ ನೆನಪಿನಲ್ಲಿ ಉಳಿಯುವುದು ‘ಎರಡು’. ಮರೆತುಹೋಗುವುದು ‘ಸಾಕಷ್ಟು’.

1950ರ ದಶಕದವರೆಗೆ ಈ ಪ್ರಶ್ನೆಯೇ ಇರಲಿಲ್ಲ. ತೀವ್ರ ಖಿನ್ನತೆಗೆ ಇದ್ದ ಬಲವಾದ ಉಪಾಯವೆಂದರೆ 1938ರಲ್ಲಿ ರೋಮ್‌ನಲ್ಲಿ ಚೆರ್ಲೆಟ್ಟಿ ಮತ್ತು ಬಿನಿ ಆರಂಭಿಸಿದ ವಿದ್ಯುತ್ ಚಿಕಿತ್ಸೆ, ಇಸಿಟಿ. ಆಮೇಲೆ ಕ್ಷಯರೋಗಕ್ಕೆ ಕೊಡುತ್ತಿದ್ದ ಐಪ್ರೋನಿಯಜಿಡ್ ರೋಗಿಗಳ ಮನಸ್ಸನ್ನೂ ಎತ್ತುತ್ತದೆ ಎಂಬುದು ವೈದ್ಯರ ಕಣ್ಣಿಗೆ ಬಿತ್ತು. ಸ್ವಿಟ್ಜರ್ಲೆಂಡಿನ ಮನೋವೈದ್ಯ ರೋಲಾಂಡ್ ಕೂನ್ 1957ರಲ್ಲಿ ಖಿನ್ನತೆ ಇಳಿಸುವ ಇಮಿಪ್ರಮೀನ್ ಬಗ್ಗೆ ಬರೆದರು. ಮಾತ್ರೆ ಬಂದ ಮೇಲೆ ಮಾತ್ರೆಗೆ ಬಗ್ಗದವರೂ ಕಾಣತೊಡಗಿದರು. 1997ರಲ್ಲಿ ಅಮೆರಿಕದ ಮನೋವೈದ್ಯರಾದ ಥೇಸ್ ಮತ್ತು ರಶ್ ಈ ಪ್ರತಿರೋಧವನ್ನು ಹಂತಗಳಾಗಿ ವಿಂಗಡಿಸಿದರು: ಒಂದು ಔಷಧ ಸೋತರೆ ಮೊದಲ ಹಂತ, ಬೇರೆ ವರ್ಗದ್ದೂ ಸೋತರೆ ಎರಡನೆಯದು, ಹೀಗೆ ಇಸಿಟಿಯವರೆಗೆ.

ಎರಡರ ಲೆಕ್ಕಕ್ಕೆ ಬಲ ಕೊಟ್ಟದ್ದು 2006ರಲ್ಲಿ ಫಲಿತಾಂಶ ಹೊರಬಂದ ಅಮೆರಿಕದ ‘ಸ್ಟಾರ್-ಡಿ’ ಅಧ್ಯಯನ. ಸುಮಾರು 4,000 ಜನ, ಗುಣವಾಗದವರಿಗೆ ಒಂದರ ನಂತರ ಒಂದರಂತೆ ನಾಲ್ಕು ಹಂತದ ಚಿಕಿತ್ಸೆ. ಆಯಾ ಹಂತಕ್ಕೆ ಬಂದವರಲ್ಲಿ ಪೂರ್ತಿ ಗುಣ ಕಂಡವರು ಮೊದಲ ಹಂತದಲ್ಲಿ ಸುಮಾರು ಶೇ 37, ಎರಡನೆಯದರಲ್ಲಿ ಶೇ 31. ಮೂರು ಮತ್ತು ನಾಲ್ಕರಲ್ಲಿ ಶೇ 14 ಮತ್ತು 13. ಎರಡರ ನಂತರ ಏಣಿ ಜಾರುತ್ತದೆ ಎನ್ನುವುದು ಇಲ್ಲಿಂದ ಬಂದ ಮಾತು. ಎಲ್ಲ ಹಂತ ಸೇರಿ ಶೇ 67 ಮಂದಿ ಗುಣವಾದರು ಎಂಬ ಅಂದಾಜನ್ನು ಮಾತ್ರ ಒಪ್ಪಿಕೊಳ್ಳುವುದು ಕಷ್ಟ. ಅಧ್ಯಯನದ ಮೂಲ ನಿಯಮಗಳ ಪ್ರಕಾರವೇ ಲೆಕ್ಕ ಹಾಕಿದರೆ ಅದು ಶೇ 35 ಮಾತ್ರ ಎಂದು 2023ರ ಮರುವಿಶ್ಲೇಷಣೆ ಹೇಳಿತು.

ಈಗ ಒಂದು ಔಷಧ ಚೀಟಿ ಊಹಿಸಿಕೊಳ್ಳಿ. ಎಸ್ಸಿಟಾಲೊಪ್ರಾಮ್ 10 ಮಿ.ಗ್ರಾಂ., ಮೂರು ವಾರ. ವಾಕರಿಕೆ ಬಂದು ಮಾತ್ರೆ ನಿಂತಿತು. ಮುಂದೆ ಸರ್ಟ್ರಲೀನ್ 50 ಮಿ.ಗ್ರಾಂ., ಎರಡು ತಿಂಗಳು. ವಾರಕ್ಕೆ ಎರಡು ಮೂರು ದಿನ ಮಾತ್ರೆ ತಪ್ಪಿದೆ. ಚೀಟಿಯ ಮೇಲೆ ಎರಡು ಔಷಧ ‘ಸೋತಿವೆ’. ನಿಜವಾಗಿ ಒಂದೂ ಪರೀಕ್ಷೆಗೆ ಒಳಗಾಗಿಲ್ಲ: ಎಸ್ಸಿಟಾಲೊಪ್ರಾಮನ್ನು 20ರವರೆಗೆ, ಸರ್ಟ್ರಲೀನನ್ನು 200ರವರೆಗೆ ಏರಿಸಬಹುದು, ಪೂರ್ಣ ಡೋಸ್‌ನಲ್ಲಿ ಆರು ವಾರ ಬೇಕು. ಹಾಗೆಂದು ಕಣ್ಣುಮುಚ್ಚಿ ಕಾಯಬೇಕಿಲ್ಲ. ನಾಲ್ಕು ವಾರವಾದರೂ ಶೇ 20ರಷ್ಟೂ ಸುಧಾರಣೆ ಇಲ್ಲದಿದ್ದರೆ ಡೋಸನ್ನೋ ಔಷಧವನ್ನೋ ಬದಲಿಸುವ ಮಾತು ಎತ್ತಬೇಕು. ಸುಧಾರಣೆ ಅಳೆಯಲು ‘ಪರವಾಗಿಲ್ಲ’ ಎಂಬ ಉತ್ತರ ಸಾಲದು. ಪ್ರತಿ ಭೇಟಿಯಲ್ಲೂ ಖಿನ್ನತೆ ಅಳೆಯುವ ಪಿಎಚ್‌ಕ್ಯೂ-9ರಂಥ ಪ್ರಶ್ನಾವಳಿಯ ಅಂಕ ಬರೆದಿಡಬೇಕು. 27ಕ್ಕೆ 5ಕ್ಕಿಂತ ಕಡಿಮೆ ಬಂದರೆ ಗುಣ, ಅರ್ಧಕ್ಕೆ ಇಳಿದರೆ ಸ್ಪಂದನೆ.

ಡೋಸ್ ಸರಿಯಿದ್ದೂ ಫಲವಿಲ್ಲದಿದ್ದರೆ ರೋಗನಿರ್ಣಯವನ್ನೇ ಮತ್ತೆ ಕೆದಕಬೇಕು. ಹೆಚ್ಚಾಗಿ ತಪ್ಪಿಹೋಗುವುದು ಖಿನ್ನತೆಯೂ ಅತಿ ಉತ್ಸಾಹವೂ ಸರದಿಯಲ್ಲಿ ಬರುವ ಬೈಪೋಲಾರ್ ಕಾಯಿಲೆ. ಹಿಂದೆ ಕೆಲವು ದಿನ ಮೂರು ನಾಲ್ಕು ತಾಸು ನಿದ್ದೆ ಮಾಡಿಯೂ ದಣಿವಿಲ್ಲದೆ ಇದ್ದದ್ದುಂಟೇ, ಮಾತು, ಖರ್ಚು ಮಿತಿಮೀರಿತ್ತೇ? ಇದನ್ನು ರೋಗಿಗಿಂತ ಮನೆಯವರು ಚೆನ್ನಾಗಿ ಹೇಳುತ್ತಾರೆ. ಥೈರಾಯ್ಡ್, ಬಿ12, ರಕ್ತಹೀನತೆಯ ಪರೀಕ್ಷೆ ಬೇಕು. ಗೊರಕೆಯ ನಡುವೆ ಉಸಿರು ಕಟ್ಟುವುದು, ಕುಡಿತ, ಬೇರೆ ಕಾಯಿಲೆಗೆ ನುಂಗುವ ಸ್ಟೀರಾಯ್ಡ್ ಇವನ್ನೂ ಕೇಳಿ ತಿಳಿಯಬೇಕು.

ಇಷ್ಟೆಲ್ಲ ಸರಿಯಿದ್ದಾಗ ಮುಂದಿನ ದಾರಿ ಇನ್ನೊಂದು ಔಷಧ ಜೋಡಿಸುವುದು. 1981ರಲ್ಲಿ ಡಿ ಮಾಂಟಿನ್ಯಿ ಮತ್ತು ಸಂಗಡಿಗರು ಲಿಥಿಯಂ ಸೇರಿಸಿ ಫಲ ಕಂಡರು. ಇಂದಿಗೂ ಅದು ನಂಬಿಕೆಯ ಮದ್ದು, ಕೈತಪ್ಪಿದರೆ ಅಪಾಯವೂ ಹೌದು. ಮೊದಲೇ ಮೂತ್ರಪಿಂಡ ಮತ್ತು ಥೈರಾಯ್ಡ್ ಪರೀಕ್ಷೆಯಾಗಬೇಕು. ಡೋಸ್ ಬದಲಿಸಿ ಐದಾರು ದಿನವಾದ ಮೇಲೆ, ಕೊನೆಯ ಮಾತ್ರೆಯ 12 ತಾಸಿನ ನಂತರ, ರಕ್ತ ಕೊಡಬೇಕು. ಸಾಮಾನ್ಯವಾಗಿ ಪ್ರಮಾಣ ಲೀಟರಿಗೆ 0.6ರಿಂದ 0.8 ಮಿಲಿಮೋಲ್ ಇರಲಿ ಎನ್ನುತ್ತಾರೆ. ಬೆಳಿಗ್ಗೆ ಮಾತ್ರೆ ನುಂಗಿ ನೇರ ಲ್ಯಾಬಿಗೆ ಹೋದರೆ ಅಂಕ ಸುಳ್ಳೇ ಏರಿ ಕಾಣುತ್ತದೆ. ಐಬುಪ್ರೊಫೆನ್‌ನಂಥ ನೋವಿನ ಮಾತ್ರೆ, ವಾಂತಿಭೇದಿಯ ನಿರ್ಜಲೀಕರಣ ಪ್ರಮಾಣವನ್ನು ನಿಜವಾಗಿಯೇ ಏರಿಸುತ್ತವೆ. ಹೀಗೆ ಜೋಡಿಸುವ ಇನ್ನೊಂದು ಔಷಧ ಅರಿಪಿಪ್ರಜೋಲ್‌ನ ಸಣ್ಣ ಡೋಸ್, 2ರಿಂದ 5 ಮಿ.ಗ್ರಾಂ., ಸಾಕಾಗುವುದುಂಟು, ಕೂತಲ್ಲಿ ಕೂರಲಾಗದ ಚಡಪಡಿಕೆ ಬಂದರೆ ಅದು ಔಷಧದ್ದು, ಕಾಯಿಲೆ ಹೆಚ್ಚಿತೆಂದು ಡೋಸ್ ಏರಿಸಬಾರದು. ಮಾತ್ರೆಯ ಜೊತೆ ಸಿಬಿಟಿ ಮಾತುಚಿಕಿತ್ಸೆ ಸೇರಿಸಿದ 2013ರ ಬ್ರಿಟಿಷ್ ಅಧ್ಯಯನದಲ್ಲಿ ಆರು ತಿಂಗಳಿಗೆ ಶೇ 46 ಮಂದಿ ಸ್ಪಂದಿಸಿದರು, ಮಾಮೂಲು ಆರೈಕೆಯಲ್ಲಿ ಶೇ 22. ಈ ಅಂಕಿಗೆ ಸಿಗಬೇಕಾದ ಗಮನ ಸಿಕ್ಕಿಲ್ಲ.

ಊಟ ನೀರು ಬಿಟ್ಟವರು, ಭ್ರಮೆಗಳಿರುವವರು, ಸಾಯುವ ಯೋಚನೆ ಬಲವಾದವರು ಈ ಮೆಟ್ಟಿಲುಗಳನ್ನು ಒಂದೊಂದಾಗಿ ಹತ್ತುತ್ತ ಕೂರಬಾರದು. ಅವರನ್ನು ತಕ್ಷಣ ಆಸ್ಪತ್ರೆಗೆ ಕರೆದೊಯ್ಯಬೇಕು, ಇಸಿಟಿಯ ವಿಚಾರವನ್ನು ಅಲ್ಲಿ ಬೇಗನೇ ಎತ್ತಬೇಕು. ಇಂದು ಅದನ್ನು ಅರಿವಳಿಕೆ ಮತ್ತು ಸ್ನಾಯು ಸಡಿಲಿಸುವ ಔಷಧ ಕೊಟ್ಟು, ವಾರಕ್ಕೆ ಎರಡು ಮೂರು ಬಾರಿ, ಸಾಮಾನ್ಯವಾಗಿ 6ರಿಂದ 12 ಸಲ ಮಾಡುತ್ತಾರೆ. ಭ್ರಮೆಗಳಿಲ್ಲದ ರೋಗಿಗಳಲ್ಲಿ ಅರಿವಳಿಕೆಯ ಔಷಧವಾದ ಕೆಟಮೀನ್ ಇಸಿಟಿಗೆ ಕಡಿಮೆಯೇನಲ್ಲ ಎಂದು 2023ರ ಅಧ್ಯಯನವೊಂದು ತೋರಿಸಿತು. ಇಸಿಟಿ ಎಡವುವುದು ಅದು ಮುಗಿದ ಮೇಲೆ. 2001ರ ಅಧ್ಯಯನವೊಂದರಲ್ಲಿ ಇಸಿಟಿಯಿಂದ ಗುಣವಾದವರಿಗೆ ಬರೀ ಹುಸಿಮಾತ್ರೆ ಕೊಟ್ಟಾಗ ಆರು ತಿಂಗಳಲ್ಲಿ ಶೇ 84 ಮಂದಿಗೆ ಕಾಯಿಲೆ ಮರುಕಳಿಸಿತು. ಖಿನ್ನತೆಯ ಮಾತ್ರೆ ನಾರ್ಟ್ರಿಪ್ಟಿಲೀನ್ ಮತ್ತು ಲಿಥಿಯಂ ಎರಡನ್ನೂ ಕೊಟ್ಟಾಗ ಶೇ 39. ಹಾಗಾಗಿ ಇಸಿಟಿ ಶುರುವಾಗುವ ದಿನವೇ, ಅದು ಮುಗಿದ ನಂತರದ ಮಾತ್ರೆ ಯಾವುದು ಎಂಬುದನ್ನು ವೈದ್ಯರಲ್ಲಿ ಕೇಳಿ ಚೀಟಿಯಲ್ಲಿ ಬರೆಸಿಕೊಳ್ಳಬೇಕು.