ಖಾಲಿ ಕಾಣೋ ರನ್‌ವೇ ಯಾಕೆ ಇಷ್ಟು ಬಿಜಿ?

ವಿಮಾನ ಇಳಿದಾಯ್ತು. ಚಕ್ರ ನೆಲಕ್ಕೆ ತಾಗಿದ ದಡಬಡ ಸದ್ದು ಅಡಗಿತು. ಕೆಲವರು ಆಗಲೇ ಫೋನ್ ಆನ್ ಮಾಡಿದರು. ಆದರೆ ವಿಮಾನ ಟರ್ಮಿನಲ್ ಕಡೆ ತಿರುಗುತ್ತಲೇ ಇಲ್ಲ. ಕಿಟಕಿಯಲ್ಲಿ ಕಂಡ ಟರ್ಮಿನಲ್ ಹಿಂದಕ್ಕೆ ಸರಿದು ಮಾಯವಾಯಿತು. ವಿಮಾನ ರನ್‌ವೇಯ ತುದಿವರೆಗೂ ಹೋಗಿ, ಅಲ್ಲಿ ನಿಧಾನಕ್ಕೆ ಒಂದು ಸುತ್ತು ತಿರುಗಿ, ಇಳಿದ ದಾರಿಯಲ್ಲೇ ವಾಪಸ್ ಹೊರಟಿತು. "ಪೈಲಟ್ ಟರ್ನ್ ಮಿಸ್ ಮಾಡಿಕೊಂಡ್ರಾ?" ಅಂತ ಯಾರೋ ನಗುತ್ತಾರೆ. ಹಾಗೇನಿಲ್ಲ. ಇದಕ್ಕೆ ಬ್ಯಾಕ್‌ಟ್ರ್ಯಾಕ್ ಅನ್ನುತ್ತಾರೆ. ಮಧ್ಯಮ ಗಾತ್ರದ ಎಷ್ಟೋ ಊರುಗಳ ವಿಮಾನ ನಿಲ್ದಾಣದ ಕಷ್ಟವೆಲ್ಲ ಶುರುವಾಗೋದು ಇಲ್ಲಿಂದಲೇ.

ದೊಡ್ಡ ನಿಲ್ದಾಣಗಳಲ್ಲಿ ರನ್‌ವೇಗೆ ಸಮಾನಾಂತರವಾಗಿ, ಅದರ ಉದ್ದಕ್ಕೂ ಇನ್ನೊಂದು ದಾರಿ ಇರುತ್ತದೆ. ಅದೇ ಟ್ಯಾಕ್ಸಿವೇ. ಇಳಿದ ವಿಮಾನ ವೇಗ ತಗ್ಗಿಸಿ ಆ ಕಡೆ ಸರಿದುಕೊಂಡರೆ ರನ್‌ವೇ ಮುಂದಿನವರಿಗೆ ಬಿಟ್ಟಂತೆ. ಹೆಚ್ಚುಕಮ್ಮಿ ಒಂದು ನಿಮಿಷದ ಕೆಲಸ. ಆ ಪಕ್ಕದ ದಾರಿ ಇಲ್ಲದ ಕಡೆ ರನ್‌ವೇನೇ ರನ್‌ವೇ, ರನ್‌ವೇನೇ ರಸ್ತೆ.

ಒಂದು ಲೆಕ್ಕ ಹಾಕೋಣ. ರನ್‌ವೇ ಉದ್ದ 2,400 ಮೀಟರ್. ಟರ್ಮಿನಲ್ ಒಂದು ತುದಿಯಲ್ಲಿದೆ, ವಿಮಾನ ಹಾರಬೇಕಾದದ್ದು ಇನ್ನೊಂದು ತುದಿಯಿಂದ. ನೆಲದ ಮೇಲೆ ವಿಮಾನ ಸೆಕೆಂಡಿಗೆ 10 ಮೀಟರ್ ಹೋಗುತ್ತದೆ ಅಂದುಕೊಂಡರೆ, ಆ ತುದಿ ಮುಟ್ಟಲು 4 ನಿಮಿಷ. ತಿರುಗಿ ನೇರವಾಗಿ ನಿಲ್ಲಲು ಸುಮಾರು ಒಂದು ನಿಮಿಷ. ಓಡಿ ಮೇಲೇರಲು ಇನ್ನೊಂದು. ಒಟ್ಟು 6 ನಿಮಿಷ ರನ್‌ವೇ ಒಬ್ಬರದ್ದೇ. ಆ ಹೊತ್ತಿನಲ್ಲಿ ಇಳಿಯಲು ಬರುತ್ತಿರುವ ಜೆಟ್ ವಿಮಾನ ನಿಮಿಷಕ್ಕೆ ಸುಮಾರು 4 ಕಿಲೋಮೀಟರ್ ಹತ್ತಿರವಾಗುತ್ತಾ ಇರುತ್ತದೆ. ಅಂದರೆ, ಅದು 25 ಕಿಲೋಮೀಟರಿಗಿಂತ ಆಚೆ ಇದ್ದರೆ ಮಾತ್ರ ಕಂಟ್ರೋಲರ್, ಅಂದರೆ ಟವರ್‌ನಲ್ಲಿ ಕೂತು ವಿಮಾನಗಳಿಗೆ ಸರದಿ ಹೇಳುವವರು, ಈ ವಿಮಾನವನ್ನು ರನ್‌ವೇಗೆ ಬಿಡಬಹುದು. ಟರ್ಮಿನಲ್ ಕಿಟಕಿಯಿಂದ ನೋಡುವವರಿಗೆ ರನ್‌ವೇ ಖಾಲಿ, ಆಕಾಶವೂ ಖಾಲಿ. "ಸುಮ್ನೆ ಯಾಕೆ ನಿಲ್ಲಿಸಿದ್ದಾರೆ?" ಅನ್ನಿಸೋದು ಸಹಜ. ಕಣ್ಣಿಗೆ ಕಾಣದ ವಿಮಾನಕ್ಕಾಗಿ ನಿಲ್ಲಿಸಿರುತ್ತಾರೆ.

ಈ ಲೆಕ್ಕದಲ್ಲಿ ಗಂಟೆಗೆ ಹತ್ತು ವಿಮಾನ ಕಳಿಸಿದರೆ ದೊಡ್ಡದು. ಲಂಡನ್ನಿನ ಗ್ಯಾಟ್‌ವಿಕ್ ನಿಲ್ದಾಣ ಒಂದೇ ರನ್‌ವೇ ಬಳಸಿ ಗಂಟೆಗೆ 55 ವಿಮಾನಗಳವರೆಗೆ ಇಳಿಸಿ, ಹಾರಿಸಿದೆ. ಅಲ್ಲಿನ ಡಾಂಬರು ಬೇರೆ ಜಾತಿಯದ್ದೇನಲ್ಲ. ಪಕ್ಕದ ಟ್ಯಾಕ್ಸಿವೇ, ಬೇಗ ಹೊರಬೀಳುವ ದಾರಿಗಳು, ಇದೇ ಕೆಲಸದಲ್ಲಿ ಪಳಗಿದ ಕಂಟ್ರೋಲರ್‌ಗಳು, ಇವೆಲ್ಲ ಸೇರಿ ಆಗುವ ಮಾತು. ಊರಿನವರು ನಿಲ್ದಾಣ ದೊಡ್ಡದಾಗಲಿ ಅಂದಾಗ ಕೇಳೋದು ಹೊಸ ಟರ್ಮಿನಲ್ಲನ್ನೇ. ಗಾಜಿನ ಕಟ್ಟಡ ಫೋಟೋದಲ್ಲಿ ಚೆನ್ನಾಗಿ ಬರುತ್ತದೆ. ಟ್ಯಾಕ್ಸಿವೇ ಕೇಳಿದವರನ್ನು ನಾನಂತೂ ನೋಡಿಲ್ಲ.

ಗಾಳಿಯೂ ಈ ಆಟದಲ್ಲಿದೆ. ವಿಮಾನ ಏರೋದು, ಇಳಿಯೋದು ಎರಡೂ ಎದುರುಗಾಳಿಗೆ ಮುಖ ಮಾಡಿಯೇ. ಆದರೆ ಬೆನ್ನ ಹಿಂದಿನ ಗಾಳಿ ತೀರಾ ಕಮ್ಮಿ ಇದ್ದರೆ ಸ್ವಲ್ಪ ರಿಯಾಯಿತಿ ಉಂಟು. ಹೆಚ್ಚಿನ ವಿಮಾನಗಳು 10 ನಾಟ್, ಅಂದರೆ ಗಂಟೆಗೆ 18 ಕಿಲೋಮೀಟರ್ ವೇಗದ ಹಿಂಗಾಳಿಯವರೆಗೆ ತಡೆದುಕೊಳ್ಳುತ್ತವೆ. ಆಗ ಟರ್ಮಿನಲ್ ಇರುವ ತುದಿಯಿಂದಲೇ ಹಾರಿಬಿಟ್ಟರೆ ಬ್ಯಾಕ್‌ಟ್ರ್ಯಾಕ್ ತಪ್ಪುತ್ತದೆ, ಐದು ನಿಮಿಷ ಉಳಿಯುತ್ತದೆ. ಒಪ್ಪೋದು ಬಿಡೋದು ಪೈಲಟ್‌ಗೆ ಸೇರಿದ್ದು. ಹಿಂಗಾಳಿಯಲ್ಲಿ ಓಡಲು ರನ್‌ವೇ ಜಾಸ್ತಿ ಬೇಕು. ಬಿಸಿಲು ಹೆಚ್ಚಿದ್ದರೆ ಗಾಳಿ ತೆಳುವಾಗಿರುತ್ತದೆ, ರೆಕ್ಕೆಗೆ ಹಿಡಿತ ಕಮ್ಮಿ, ಆಗ ಇನ್ನೂ ಜಾಸ್ತಿ ಬೇಕು.

ಸರಿ, ಗಂಟೆಗೆ ಹತ್ತೇ ಆಗಲಿ, ದಿನಕ್ಕೆ ಇಪ್ಪತ್ತು ವಿಮಾನ ಬರುವ ಊರಿಗೆ ಧಾರಾಳ ಸಾಕಲ್ವಾ? ಸಾಲುತ್ತಿತ್ತು, ಸಮನಾಗಿ ಹಂಚಿಕೊಂಡು ಬಂದಿದ್ದರೆ. ಬರೋದು ಹಿಂಡು ಹಿಂಡಾಗಿ. ಇಂಥ ಊರಿನಲ್ಲಿ ರಾತ್ರಿ ತಂಗುವ ವಿಮಾನಗಳು ಕಮ್ಮಿ. ಅವು ದೊಡ್ಡ ನಗರದಲ್ಲಿ ಮಲಗಿ, ಬೆಳಿಗ್ಗೆ ಅಲ್ಲಿಂದ ಹೊರಟು ಇಲ್ಲಿಗೆ ಬರುತ್ತವೆ. ಎಲ್ಲ ಕಂಪನಿಗಳಿಗೂ ಬೇಕಾದದ್ದು ಅದೇ ಬೆಳಗಿನ ಹೊತ್ತು, ಅದೇ ಸಂಜೆ. ಎಂಟು ಗಂಟೆಗೆ ಸೆಕ್ಯುರಿಟಿ ಸಾಲು ಬಾಗಿಲ ಹೊರಗಿರುತ್ತದೆ. ಹನ್ನೆರಡಕ್ಕೆ ಹೋದರೆ ಕ್ಯಾಂಟೀನ್ ಹುಡುಗ ತೂಕಡಿಸುತ್ತಿರುತ್ತಾನೆ.

ಬರುವ ವಿಮಾನಗಳೂ ಒಂದೇ ಥರದವಲ್ಲ. ಒಂದು 180 ಸೀಟಿನ ಏರ್‌ಬಸ್ ಎ320, ಇನ್ನೊಂದು 70 ಸೀಟಿನ, ಪ್ರೊಪೆಲ್ಲರ್ ಇರುವ ಎಟಿಆರ್ 72. ಪ್ರೊಪೆಲ್ಲರ್ ಕಂಡರೆ ಮೂಗು ಮುರಿಯುವವರಿದ್ದಾರೆ. ನನಗೆ ಮಾತ್ರ ಎಟಿಆರ್ ಇಷ್ಟ. ಹಿಂದಿನ ಬಾಗಿಲೇ ಮೆಟ್ಟಿಲಾಗಿ ತೆರೆದುಕೊಳ್ಳುತ್ತದೆ, ಸಾಮಾನು ಮುಂದುಗಡೆ ತುಂಬುತ್ತಾರೆ. ನೆಲದ ಮೇಲೆ ಕರೆಂಟ್ ಕೊಡಲು ಬೇರೆ ಚಿಕ್ಕ ಎಂಜಿನ್ ಇಟ್ಟುಕೊಂಡಿಲ್ಲ. ಬಲಗಡೆಯ ಎಂಜಿನ್ನನ್ನೇ ಓಡಿಸಿ, ಅದರ ಪ್ರೊಪೆಲ್ಲರ್ ತಿರುಗದಂತೆ ಬ್ರೇಕ್ ಹಾಕಿ ಹಿಡಿಯುತ್ತಾರೆ. ಈ ಉಪಾಯದ ಹೆಸರು ಹೋಟೆಲ್ ಮೋಡ್. ವೇಗ ಗಂಟೆಗೆ 500 ಕಿಲೋಮೀಟರ್ ಅಷ್ಟೇ, ನಿಜ. ಆದರೆ 300 ಕಿಲೋಮೀಟರ್ ದಾರಿಗೆ ಜೆಟ್‌ಗೂ ಇದಕ್ಕೂ ಕಾಲು ಗಂಟೆ ವ್ಯತ್ಯಾಸ. ದಿನಕ್ಕೆ ಒಂದೇ ದೊಡ್ಡ ವಿಮಾನ ಬರೋದಕ್ಕಿಂತ ಎರಡು ಮೂರು ಎಟಿಆರ್ ಬಂದರೆ ಬೆಳಿಗ್ಗೆ ಹೋಗಿ ರಾತ್ರಿ ವಾಪಸ್ ಬರಬಹುದು. ಪೇಚಾಟವೆಲ್ಲ ಕಂಟ್ರೋಲರ್‌ಗೆ. ಎಟಿಆರ್ ಮುಂದೆ, ಜೆಟ್ ಹಿಂದೆ ಬಂದರೆ ಹಿಂದಿನದು ಹತ್ತಿರ ಹತ್ತಿರ ಬರುತ್ತಲೇ ಇರುತ್ತದೆ. ಅದಕ್ಕೇ ಮೊದಲೇ ಅಂತರ ಜಾಸ್ತಿ ಬಿಡಬೇಕು.

ಅಗ್ನಿಶಾಮಕ ವಾಹನಗಳೂ ಸುಮ್ನೆ ನಿಂತಿರೋದಿಲ್ಲ. ಎಂಥ ವಿಮಾನ ಇಳಿಯಬಹುದು ಅನ್ನೋದಕ್ಕೆ ಅವೂ ಒಂದು ಅಳತೆ. ಅಂತಾರಾಷ್ಟ್ರೀಯ ನಿಯಮದಲ್ಲಿ ಈ ಸಿದ್ಧತೆಗೆ 1ರಿಂದ 10ರವರೆಗೆ ದರ್ಜೆಗಳಿವೆ. ವಿಮಾನದ ಉದ್ದ, ಒಡಲಿನ ಅಗಲ ನೋಡಿ ಅದಕ್ಕೆ ಯಾವ ದರ್ಜೆ ಬೇಕು ಅಂತ ಹೇಳುತ್ತಾರೆ. ಎಟಿಆರ್ 72ಕ್ಕೆ 5, ಎ320ಗೆ 6. ಎಚ್ಚರಿಕೆ ಬಂದ 3 ನಿಮಿಷದೊಳಗೆ ರನ್‌ವೇಯ ಯಾವ ಮೂಲೆಗಾದರೂ ತಲುಪಿ ನೊರೆ ಚಿಮ್ಮಿಸಲು ಆಗಬೇಕು. ಒಂದು ವಾಹನ ಕೆಟ್ಟು ನಿಂತರೆ ದರ್ಜೆಯೇ ಇಳಿದು, ದೊಡ್ಡ ವಿಮಾನಕ್ಕೆ ಬಾಗಿಲು ಮುಚ್ಚಬಹುದು.

ಈಗ ಇವೆಲ್ಲದರ ಜೊತೆ ಒಂದು ಬೆಳಗಿನ ತಡ ಸೇರಿಸಿ. ಒಂದೇ ವಿಮಾನ ದಿನಕ್ಕೆ ಐದಾರು ಸಲ ಹಾರುತ್ತದೆ. ಇಳಿದು, ಜನರನ್ನು ಇಳಿಸಿ, ಹತ್ತಿಸಿ, ಮತ್ತೆ ಹೊರಡಲು ಸಿಗೋದು ಅರ್ಧ ಗಂಟೆಯ ಆಸುಪಾಸು. ಬೆಳಿಗ್ಗೆ ಎಲ್ಲೋ ಮಂಜಿನಲ್ಲಿ 30 ನಿಮಿಷ ಹೋದರೆ ಅದನ್ನು ತುಂಬಿಕೊಳ್ಳಲು ಜಾಗವೇ ಇಲ್ಲ. ನಮ್ಮ ನಿಲ್ದಾಣಕ್ಕೆ ಅದು ತನ್ನ ಸರದಿ ತಪ್ಪಿಸಿಕೊಂಡು ಬರುತ್ತದೆ. ಆ ಹೊತ್ತಿಗೆ ಇನ್ಯಾರೋ ಬ್ಯಾಕ್‌ಟ್ರ್ಯಾಕ್ ಮಾಡುತ್ತಿರುತ್ತಾರೆ, ಆಕಾಶದಲ್ಲೇ ಒಂದು ಸುತ್ತು. ಕೆಳಗೆ ವಿಮಾನ ನಿಲ್ಲಿಸಲು ನಾಲ್ಕೋ ಐದೋ ಜಾಗ, ಅವೂ ಭರ್ತಿ. ಒಂದು ಖಾಲಿಯಾಗುವವರೆಗೆ ರನ್‌ವೇಯಿಂದ ಟರ್ಮಿನಲ್ ಕಡೆ ಬರುವ ತುಂಡು ದಾರಿಯಲ್ಲೇ ಕಾಯಬೇಕು. 30 ನಿಮಿಷ 50 ಆಗುತ್ತದೆ.

ಕೊನೆಯ ಫ್ಲೈಟ್ ಆಗಿದ್ದರೆ ಇನ್ನೊಂದು ಗಂಟು. ಇಂಥ ಎಷ್ಟೋ ನಿಲ್ದಾಣಗಳು ರಾತ್ರಿಯಿಡೀ ತೆರೆದಿರೋದಿಲ್ಲ. ಟವರ್‌ನಲ್ಲಿ ಕಂಟ್ರೋಲರ್ ಇಲ್ಲ ಅಂದರೆ ಲ್ಯಾಂಡಿಂಗ್ ಇಲ್ಲ. ಹಾಗಾಗಿ ತಡವಾದ ವಿಮಾನ ಇನ್ನೂ ಬೇರೆ ಊರಲ್ಲಿ ಇರುವಾಗಲೇ ಕಂಪನಿಯವರು ಇಲ್ಲಿಗೆ ಫೋನ್ ಮಾಡಿ, ಇನ್ನೊಂದು ಗಂಟೆ ನಿಲ್ದಾಣ ತೆರೆದಿಡಿ ಅಂತ ಕೇಳುತ್ತಾರೆ. ಒಪ್ಪಿದರೆ ಟವರ್, ಅಗ್ನಿಶಾಮಕ ದಳ, ಸೆಕ್ಯುರಿಟಿ ಎಲ್ಲರೂ ಉಳಿಯಬೇಕು. ರನ್‌ವೇ ದೀಪಗಳು ಆ ಒಂದೇ ಒಂದು ವಿಮಾನಕ್ಕಾಗಿ ಉರಿಯುತ್ತಿರುತ್ತವೆ. ಅದು ಇಳಿದು, ತುದಿವರೆಗೆ ಹೋಗಿ, ತಿರುಗಿ, ನಿಧಾನಕ್ಕೆ ವಾಪಸ್ ಬರುತ್ತದೆ. ಆಗ ಮಾತ್ರ ಬ್ಯಾಕ್‌ಟ್ರ್ಯಾಕ್‌ನಿಂದ ಯಾರಿಗೂ ತೊಂದರೆ ಇಲ್ಲ.