ಸ್ವಂತ ಕರ್ನಲ್ ಬೂಟ್ ಆಗದಿದ್ದಾಗ ಮೊದಲು ನೋಡಬೇಕಾದ ಎರಡು ಅಂಕಿ

ಲಿನಕ್ಸ್ ಕರ್ನಲ್ (ಆಪರೇಟಿಂಗ್ ಸಿಸ್ಟಮ್‌ನ ತಿರುಳು) ನೀವೇ ಕಂಪೈಲ್ ಮಾಡಿ, ಇನ್‌ಸ್ಟಾಲ್ ಮಾಡಿ, ರೀಬೂಟ್ ಕೊಟ್ಟಿರಿ. ಸಾಲುಗಳು ಸರಸರ ಓಡಿ ಕೊನೆಗೆ ಇಲ್ಲಿ ನಿಂತವು: ‘ಕರ್ನಲ್ ಪ್ಯಾನಿಕ್ - ನಾಟ್ ಸಿಂಕಿಂಗ್: ವಿಎಫ್ಎಸ್: ಅನೇಬಲ್ ಟು ಮೌಂಟ್ ರೂಟ್ ಎಫ್ಎಸ್ ಆನ್ ಅನ್‌ನೋನ್-ಬ್ಲಾಕ್(0,0)’.

ಗಾಬರಿಯಾಗಿ ಕಂಡಕಂಡ ಆಯ್ಕೆಗಳನ್ನೆಲ್ಲ ಆನ್ ಮಾಡಿ ಮತ್ತೆ ಕಂಪೈಲ್‌ಗೆ ಕೂರಬೇಡಿ. ಮೊಬೈಲಿನಲ್ಲಿ ಪರದೆಯ ಫೋಟೋ ತೆಗೆದುಕೊಳ್ಳಿ. ಪ್ಯಾನಿಕ್ ಆದ ಮೇಲೆ ಹಿಂದಕ್ಕೆ ಸ್ಕ್ರಾಲ್ ಮಾಡೋಕೆ ಆಗಲ್ಲ. ಆಮೇಲೆ ಗ್ರಬ್ (ಕರ್ನಲ್ ಆರಿಸಿ ಓಡಿಸುವ ಬೂಟ್‌ಲೋಡರ್) ಮೆನುವಿನಿಂದ ಹಳೆಯ ಕರ್ನಲ್‌ಗೆ ಹೋಗಿ. ಹಳೆಯದನ್ನು ಯಾವತ್ತೂ ಅಳಿಸಬಾರದು ಅನ್ನೋದು ಇದಕ್ಕೇ.

ಈ ಸಂದೇಶ ಬಂತು ಅಂದರೆ ಅರ್ಧ ದಾರಿ ದಾಟಿದ್ದೀರಿ. ಬೂಟ್‌ಲೋಡರ್ ತನ್ನ ಕೆಲಸ ಮುಗಿಸಿದೆ, ಕರ್ನಲ್ ಓಡಿದೆ. ರೂಟ್ ಪಾರ್ಟಿಷನ್ (ಸಿಸ್ಟಮ್‌ನ ಫೈಲುಗಳಿರುವ ಡಿಸ್ಕಿನ ಭಾಗ) ಮಾತ್ರ ಅದಕ್ಕೆ ದಕ್ಕಿಲ್ಲ. ಯಾಕೆ ಅನ್ನೋದಕ್ಕೆ ಆ ಎರಡು ಅಂಕಿಗಳನ್ನು ನೋಡಬೇಕು. ಮೊದಲನೆಯದು ಮೇಜರ್, ಎರಡನೆಯದು ಮೈನರ್ ಸಂಖ್ಯೆ, ಕರ್ನಲ್ ಡಿಸ್ಕನ್ನು ಗುರುತಿಸುವುದು ಇವುಗಳಿಂದ. ಎರಡೂ ಸೊನ್ನೆ ಅಂದರೆ ನೀವು ಹೇಳಿದ ಡಿಸ್ಕ್ ಕರ್ನಲ್‌ಗೆ ಸಿಕ್ಕೇ ಇಲ್ಲ.

ಈಗ ಫೋಟೋದಲ್ಲಿ ಅದರ ಮೇಲಿನ ಸಾಲುಗಳನ್ನು ನೋಡಿ. ಸಿಕ್ಕ ಪಾರ್ಟಿಷನ್‌ಗಳ ಪಟ್ಟಿ ಅಲ್ಲಿರುತ್ತದೆ. ಅದು ಖಾಲಿ ಇದ್ದರೆ ಡಿಸ್ಕಿನ ಡ್ರೈವರ್ ಇಲ್ಲ ಅಂತ. ಕಾನ್ಫಿಗ್‌ನಲ್ಲಿ (ಕಂಪೈಲ್ ಆಯ್ಕೆಗಳ ಫೈಲ್) ಎನ್‌ವಿಎಂಇ (ಒಂದು ಬಗೆಯ ಎಸ್‌ಎಸ್‌ಡಿ) ಡ್ರೈವರ್ ಮುಂದೆ ‘ವೈ’ ಬದಲು ‘ಎಂ’ ಇರಬಹುದು. ‘ವೈ’ ಅಂದರೆ ಡ್ರೈವರ್ ಕರ್ನಲ್‌ನೊಳಗೇ ಇರುತ್ತದೆ, ‘ಎಂ’ ಅಂದರೆ ಅದು ಮಾಡ್ಯೂಲ್, ಬೇರೆ ಫೈಲ್. ಮಾಡ್ಯೂಲ್ ಫೈಲ್ ಇರುವುದು ಅದೇ ಡಿಸ್ಕಿನೊಳಗೆ! ಬೀಗದ ಕೈಯನ್ನು ಪೆಟ್ಟಿಗೆಯಲ್ಲೇ ಬಿಟ್ಟು ಬೀಗ ಹಾಕಿದ ಹಾಗೆ. ಆ ಕೈಯನ್ನು ಹೊರಗಿಂದ ತಂದುಕೊಡುವುದೇ ಇನಿಟ್‌ರಾಮ್‌ಎಫ್‌ಎಸ್, ಅಂದರೆ ಬೇಕಾದ ಮಾಡ್ಯೂಲ್‌ಗಳನ್ನು ತುಂಬಿಕೊಂಡು ಕರ್ನಲ್ ಜೊತೆಗೇ ಮೆಮೊರಿಗೆ ಬರುವ ಚಿಕ್ಕ ಫೈಲ್‌ಸಿಸ್ಟಮ್.

ಪಟ್ಟಿಯಲ್ಲಿ ನಿಮ್ಮ ಪಾರ್ಟಿಷನ್ ಕಾಣುತ್ತಿದ್ದೂ (0,0) ಬಂದರೆ, ರೂಟ್ ಎಲ್ಲಿದೆ ಅಂತ ಗ್ರಬ್ ಕರ್ನಲ್‌ಗೆ ಹೇಳುವ ‘ರೂಟ್=’ ಆಯ್ಕೆ ನೋಡಿ. ಅಲ್ಲಿ ಯುಯುಐಡಿ (ಫೈಲ್‌ಸಿಸ್ಟಮ್‌ನ ಗುರುತಿನ ಸಂಖ್ಯೆ) ಕೊಟ್ಟಿದ್ದೀರಾ? ಫೈಲ್‌ಸಿಸ್ಟಮ್‌ನ ಯುಯುಐಡಿಯನ್ನು ಕರ್ನಲ್ ತಾನಾಗಿ ಹುಡುಕುವುದಿಲ್ಲ, ಆ ಕೆಲಸವೂ ಇನಿಟ್‌ರಾಮ್‌ಎಫ್‌ಎಸ್‌ನದೇ. ಕರ್ನಲ್‌ಗೆ ನೇರವಾಗಿ ಅರ್ಥವಾಗುವುದು ಪಾರ್ಟ್‌ಯುಯುಐಡಿ, ಅಂದರೆ ಪಾರ್ಟಿಷನ್‌ನ ಗುರುತಿನ ಸಂಖ್ಯೆ. ಎರಡನ್ನೂ ಬಿಎಲ್‌ಕೆಐಡಿ ಆಜ್ಞೆ ತೋರಿಸುತ್ತದೆ.

ಅಂಕಿ (259,2) ಥರ ಇದ್ದರೆ ಡಿಸ್ಕ್ ಸಿಕ್ಕಿದೆ, ಮೌಂಟ್ ಆಗಿಲ್ಲ. ಆಗ ಎಕ್ಸ್‌ಟಿ4 ಅಥವಾ ನಿಮ್ಮ ಫೈಲ್‌ಸಿಸ್ಟಮ್ ಯಾವುದೋ ಅದಕ್ಕೆ ‘ವೈ’ ಹಾಕಿದ್ದೀರಾ ನೋಡಿ.

ಪರದೆ ಪೂರ್ತಿ ಕಪ್ಪಾಗಿದ್ದರೆ ಮೇಲಿನದೆಲ್ಲ ಆಮೇಲೆ. ಗ್ರಬ್‌ನಲ್ಲಿ ‘ಇ’ ಒತ್ತಿ, ಸಂದೇಶಗಳನ್ನು ಅಡಗಿಸುವ ‘ಕ್ವೈಟ್’ ಆಯ್ಕೆ ತೆಗೆದು ನೋಡಿ. ಆಗಲೂ ಏನೂ ಕಾಣದಿದ್ದರೆ ಕಾನ್ಫಿಗ್‌ನಲ್ಲಿ ಪರದೆಗೆ ಚಿತ್ರ ಕಳಿಸುವ ಫ್ರೇಮ್‌ಬಫರ್ ಆಯ್ಕೆಗಳನ್ನು ಪರೀಕ್ಷಿಸಿ.

ನನ್ನ ಲ್ಯಾಪ್‌ಟಾಪಿನಲ್ಲಿ ಆದದ್ದು ಮೊದಲನೆಯ ಥರದ್ದು. ಪಟ್ಟಿ ಖಾಲಿ. ಎನ್‌ವಿಎಂಇ ಮುಂದೆ ‘ಎಂ’ ಇತ್ತು. ಇನಿಟ್‌ರಾಮ್‌ಎಫ್‌ಎಸ್ ಇದೆಯಲ್ಲ ಅಂತ ನಾನು ಧೈರ್ಯವಾಗಿದ್ದೆ. ಬೂಟ್ ಡೈರೆಕ್ಟರಿ ತೆರೆದು ನೋಡಿದರೆ ಹೊಸ ಕರ್ನಲ್ ಇದೆ, ಅದರ ಇನಿಟ್‌ರಾಮ್‌ಎಫ್‌ಎಸ್ ಇಲ್ಲ! ಇನ್‌ಸ್ಟಾಲ್ ಮಾಡುವಾಗ ‘ನೋ ಸ್ಪೇಸ್ ಲೆಫ್ಟ್ ಆನ್ ಡಿವೈಸ್’ ಅನ್ನೋ ಒಂದು ಸಾಲು ಬಂದು ಹೋಗಿತ್ತು, ನಾನು ಗಮನಿಸಿರಲಿಲ್ಲ. ಡೀಬಗ್ ಮಾಹಿತಿ ಸೇರಿ ಮಾಡ್ಯೂಲ್‌ಗಳು ಊದಿಕೊಂಡಿದ್ದವು, ಅವನ್ನು ತುಂಬಿಕೊಂಡ ಇನಿಟ್‌ರಾಮ್‌ಎಫ್‌ಎಸ್‌ಗೆ ಚಿಕ್ಕ ಬೂಟ್ ಪಾರ್ಟಿಷನ್‌ನಲ್ಲಿ ಜಾಗ ಸಾಲಲಿಲ್ಲ. ‘ಮೇಕ್ ಮಾಡ್ಯೂಲ್ಸ್_ಇನ್‌ಸ್ಟಾಲ್’ ಜೊತೆ ‘ಇನ್‌ಸ್ಟಾಲ್_ಮಾಡ್_ಸ್ಟ್ರಿಪ್=1’ (ಡೀಬಗ್ ಮಾಹಿತಿ ತೆಗೆಯುವ ಆಯ್ಕೆ) ಸೇರಿಸಿ ಮಾಡ್ಯೂಲ್‌ಗಳನ್ನು ಮತ್ತೆ ಹಾಕಿದೆ, ಇನಿಟ್‌ರಾಮ್‌ಎಫ್‌ಎಸ್ ಹೊಸದಾಗಿ ಕಟ್ಟಿದೆ, ಗ್ರಬ್ ಅಪ್‌ಡೇಟ್ ಮಾಡಿದೆ. ಕಾನ್ಫಿಗ್‌ನಲ್ಲಿ ಒಂದಕ್ಷರ ಬದಲಿಸದೆ ಲಾಗಿನ್ ಪರದೆ ಬಂತು.