ಬೆನಿಫಿಸಿಯೇಷನ್: ಬಡ ಅದಿರಿಗೆ ಬೆಲೆ ಬರುವ ಬಗೆ

ಗೋವಾದ ವಾಸ್ಕೋದಿಂದ ಕುಡಚಡೆ, ಸಾವರ್ಡೆ ಕಡೆ ಓಡಾಡುವವರಿಗೆ ಗೊತ್ತು, ಆ ಭಾಗದ ಕೆಲವು ಗುಡ್ಡಗಳು ಹುಟ್ಟು ಗುಡ್ಡಗಳಲ್ಲ. ಕಬ್ಬಿಣದ ಅದಿರಿನ ಗಣಿ ತೋಡುವಾಗ ಪಕ್ಕಕ್ಕೆ ಸುರಿದ ಕೆಂಪು ಮಣ್ಣೇ ಅಷ್ಟೆತ್ತರ ಬೆಳೆದು, ಮೇಲೆ ಅಕೇಶಿಯ ಗಿಡ ಎದ್ದು ನಿಂತಿದೆ. ಇದಕ್ಕೆ ಇಲ್ಲಿ ಡಂಪ್ ಅನ್ನುತ್ತಾರೆ. ವಿಜಯಪುರ, ಗದಗ, ಕೊಪ್ಪಳದಿಂದ ಬಂದು ಇಲ್ಲಿ ಟಿಪ್ಪರ್ ಓಡಿಸಿದ ನಮ್ಮ ಜನರ ಬಾಯಲ್ಲೂ ಅದು ಡಂಪೇ. ಈ ಡಂಪ್‌ಗಳ ಹರಾಜಿನ ಸುದ್ದಿ ಬಂದಾಗಲೆಲ್ಲ ನಮ್ಮ ಓಣಿಯಲ್ಲಿ ಒಂದೇ ಪ್ರಶ್ನೆ ಏಳುತ್ತದೆ. ಬೇಡ ಅಂತ ಬಿಸಾಕಿದ ಮಣ್ಣಿಗೆ ಯಾರಾದರೂ ದುಡ್ಡು ಕೊಡ್ತಾರಾ?

ಕೊಡುತ್ತಾರೆ. ಯಾಕೆ ಅಂತ ತಿಳಿಯಬೇಕಾದರೆ ಬೆನಿಫಿಸಿಯೇಷನ್ ಅಂದರೆ ಏನು ಅಂತ ನೋಡಬೇಕು. ನೆಲದಿಂದ ತೆಗೆದ ಅದಿರನ್ನು ಕುಲುಮೆಗೆ ಕಳಿಸುವ ಮೊದಲು, ಅದರಲ್ಲಿ ಸೇರಿಕೊಂಡ ಬೇಡದ ಕಲ್ಲು-ಮಣ್ಣನ್ನು ಬೇರೆ ಮಾಡಿ, ಬೇಕಾದ ಖನಿಜದ ಪಾಲು ಹೆಚ್ಚಿಸುವ ಕೆಲಸವೇ ಬೆನಿಫಿಸಿಯೇಷನ್. ಇಲ್ಲಿ ಅದಿರನ್ನು ಕರಗಿಸುವುದಿಲ್ಲ. ಕಬ್ಬಿಣದ ಆಕ್ಸೈಡ್ ಆಕ್ಸೈಡ್ ಆಗಿಯೇ ಉಳಿಯುತ್ತದೆ, ಅದರ ಜೊತೆಗಾರರು ಮಾತ್ರ ಕಡಿಮೆಯಾಗುತ್ತಾರೆ.

ಅದಿರಿನ ಮಾತು ಬಂದರೆ ಮೊದಲು ಕೇಳುವುದು ಗ್ರೇಡ್ ಎಷ್ಟು ಅಂತ. ನೂರು ಕಿಲೋ ಅದಿರಿನಲ್ಲಿ ಕಬ್ಬಿಣ ಎಷ್ಟು ಕಿಲೋ ಇದೆಯೋ ಅದೇ ಗ್ರೇಡ್. ಹೆಮಟೈಟ್ ಅಂದರೆ ಕಬ್ಬಿಣದ ಆಕ್ಸೈಡ್ ಖನಿಜ; ಅಪ್ಪಟ ಹೆಮಟೈಟ್‌ನಲ್ಲೂ ಕಬ್ಬಿಣ ಶೇ. 70ರ ಹತ್ತಿರ ಅಷ್ಟೇ, ಉಳಿದದ್ದು ಆಮ್ಲಜನಕ. ಬಳ್ಳಾರಿ-ಸಂಡೂರಿನ ಒಳ್ಳೆಯ ಅದಿರು ಶೇ. 62, 64 ತೂಗುತ್ತದೆ. ಗೋವಾದ್ದು ಬಹುಪಾಲು ಅದಕ್ಕಿಂತ ಬಡ ಅದಿರು. ಶೇ. 58ಕ್ಕಿಂತ ಕೆಳಗಿನದೇ ಜಾಸ್ತಿ. ಗಟ್ಟಿ ಕಲ್ಲಿನ ಲಂಪ್ ಕಡಿಮೆ, ಪುಡಿಯಾದ ಫೈನ್ಸ್ ಹೆಚ್ಚು. ಮೇಲಾಗಿ ಅಲ್ಯುಮಿನಾದ, ಅಂದರೆ ಅಲ್ಯುಮಿನಿಯಂ ಆಕ್ಸೈಡಿನ ಕಾಟ. ಅಲ್ಯುಮಿನಾ ಜಾಸ್ತಿಯಾದರೆ ಕುಲುಮೆಯಲ್ಲಿ ಕಿಟ್ಟ ಅಂಟಂಟಾಗಿ ಸರಿಯಾಗಿ ಹರಿಯುವುದಿಲ್ಲ, ಕೋಕ್ (ಕಲ್ಲಿದ್ದಲಿನಿಂದ ಮಾಡಿದ ಉರುವಲು) ಹೆಚ್ಚು ಸುಡಬೇಕಾಗುತ್ತದೆ. ಹಾಗಾಗಿ ಉಕ್ಕಿನ ಕಾರ್ಖಾನೆಯವರು ಕಬ್ಬಿಣದ ಅಂಕಿ ನೋಡಿ ಸುಮ್ಮನಾಗುವುದಿಲ್ಲ, ಸಿಲಿಕಾ (ಮರಳಿನ ಅಂಶ) ಎಷ್ಟು, ಅಲ್ಯುಮಿನಾ ಎಷ್ಟು ಅಂತಲೂ ಕೇಳುತ್ತಾರೆ.

ಡಂಪ್‌ಗಳಲ್ಲಿ ಕಬ್ಬಿಣ ಉಳಿದದ್ದು ಹೇಗೆ? ಹಿಂದೆ ಜಪಾನಿಗೆ ಹಡಗು ತುಂಬುತ್ತಿದ್ದ ಕಾಲದಲ್ಲಿ ಕಡಿಮೆ ಗ್ರೇಡಿನದಕ್ಕೆ ಗಿರಾಕಿ ಇರಲಿಲ್ಲ, ಅದು ಕಸದ ಜೊತೆ ಪಕ್ಕಕ್ಕೆ ಹೋಯಿತು. ಸರ್ಕಾರದ ಲೆಕ್ಕದಲ್ಲೂ ಶೇ. 55ಕ್ಕಿಂತ ಕಡಿಮೆ ಇದ್ದರೆ ಅದು ಅದಿರು ಅನ್ನಿಸಿಕೊಳ್ಳುತ್ತಿರಲಿಲ್ಲ. 2009ರಲ್ಲಿ ಭಾರತೀಯ ಗಣಿ ಬ್ಯೂರೋ ಹೆಮಟೈಟ್‌ನ ಈ ಗೆರೆಯನ್ನು ಶೇ. 45ಕ್ಕೆ ಇಳಿಸಿತು. ಮಣ್ಣು ಇದ್ದಲ್ಲೇ ಇತ್ತು, ಆದರೆ ಅದರಲ್ಲಿ ಒಂದು ಭಾಗ ಕಾಗದದ ಮೇಲೆ ಅದಿರಾಯಿತು. ಅಷ್ಟರಲ್ಲಿ ಚೀನಾದವರು ಬಡ ಅದಿರನ್ನೂ ಕೊಂಡು ಒಳ್ಳೆಯದರ ಜೊತೆ ಬೆರೆಸಿಕೊಳ್ಳಲು ಶುರು ಮಾಡಿದ್ದರು. 2010-11ರಲ್ಲಿ ಗೋವಾದಿಂದ ಹಡಗೇರಿದ ಅದಿರು 5 ಕೋಟಿ ಟನ್ ದಾಟಿತು.

ಇನ್ನು ಪ್ಲಾಂಟ್ ಒಳಗೆ ನಡೆಯುವುದನ್ನು ನೋಡೋಣ. ಮೊದಲು ಕ್ರಷರ್‌ನಲ್ಲಿ ಒಡೆದು ಜರಡಿ ಹಿಡಿಯುತ್ತಾರೆ, ದಪ್ಪ ಬೇರೆ, ಸಣ್ಣ ಬೇರೆ. ಆಮೇಲೆ ನೀರು ಹಾಕಿ ಉಜ್ಜಿ ತೊಳೆಯುತ್ತಾರೆ. ಕಲ್ಲಿಗೆ ಮೆತ್ತಿದ ಜೇಡಿ ಇಲ್ಲೇ ಬಿಡುತ್ತದೆ, ಅಲ್ಯುಮಿನಾದ ದೊಡ್ಡ ಪಾಲು ಇರುವುದು ಆ ಜೇಡಿಯಲ್ಲೇ. ಉಳಿದ ಕೆಲಸ ತೂಕದ್ದು. ಹೆಮಟೈಟ್ ಒಂದೇ ಗಾತ್ರದ ಮರಳಿಗಿಂತ ಸುಮಾರು ಎರಡು ಪಟ್ಟು ಭಾರ. ಅಜ್ಜಿ ಅಕ್ಕಿ ಜಾಲಿಸುವಾಗ ಅಕ್ಕಿ ನೀರಿನ ಜೊತೆ ಮುಂದೆ ಹೋಗಿ ಕಲ್ಲು ಪಾತ್ರೆಯ ತಳದಲ್ಲಿ ಉಳಿಯುತ್ತದಲ್ಲ, ಇಲ್ಲೂ ಹಾಗೇ, ನಮಗೆ ಬೇಕಾದ್ದು ಮಾತ್ರ ತಳದಲ್ಲಿ ಉಳಿಯುವ ಆ ಕಲ್ಲು.

ಸ್ಪೈರಲ್ ಅನ್ನುವ ಯಂತ್ರದ ಹತ್ತಿರ ನಿಂತರೆ ಇದು ಕಣ್ಣಿಗೇ ಕಾಣುತ್ತದೆ. ಸುರುಳಿ ಜಾರುಬಂಡಿಯ ಆಕಾರದ ತೊಟ್ಟಿಯಲ್ಲಿ ಅದಿರು ಬೆರೆತ ಕೆಂಪು ನೀರು ಮೇಲಿನಿಂದ ಸುತ್ತುತ್ತಾ ಇಳಿಯುತ್ತದೆ. ಮೊದಲ ಸುತ್ತಿನಲ್ಲಿ ಎಲ್ಲ ಒಂದೇ ಬಣ್ಣ. ಕೆಳಗಿಳಿದ ಹಾಗೆ ಒಳಗಿನ ಅಂಚಿನಲ್ಲಿ ಕಪ್ಪು ಬೂದು ಬಣ್ಣದ ಒಂದು ಪಟ್ಟಿ ಮೂಡುತ್ತದೆ. ಅದು ಭಾರದ ಕಬ್ಬಿಣದ ಅದಿರು. ಹೊರ ಅಂಚಿಗೆ ಸರಿದು ಓಡುವ ತೆಳು ಕೆಂಪು ನೀರಿನಲ್ಲಿ ಜೇಡಿ, ಸಿಲಿಕಾ. ತೊಟ್ಟಿಯ ಕೊನೆಯಲ್ಲಿ ಒಂದು ಚಿಕ್ಕ ತಡೆ ಈ ಪಟ್ಟಿಯನ್ನು ಬೇರೆ ದಾರಿಗೆ ತಿರುಗಿಸುತ್ತದೆ. ಆ ತಡೆಯನ್ನು ಸ್ವಲ್ಪ ಒಳಗೆ ತಳ್ಳಿದರೆ ಮಾಲು ಶುದ್ಧ, ಪ್ರಮಾಣ ಕಡಿಮೆ. ಹೊರಗೆ ತಳ್ಳಿದರೆ ಮಾಲು ಜಾಸ್ತಿ, ಗ್ರೇಡ್ ಇಳಿಯುತ್ತದೆ. ಇನ್ನೂ ನುಣುಪಾದ ಪುಡಿಗೆ ಕೆಸರು ನೀರನ್ನು ಗಿರಗಿರ ಸುತ್ತಿಸಿ ಭಾರದ್ದನ್ನು ಬೇರೆ ಮಾಡುವ ಹೈಡ್ರೋಸೈಕ್ಲೋನ್, ಬಲವಾದ ಆಯಸ್ಕಾಂತದ ಯಂತ್ರ, ಅಗತ್ಯ ಬಿದ್ದರೆ ನೊರೆಯಲ್ಲಿ ತೇಲಿಸುವ ಫ್ಲೋಟೇಷನ್, ಹೀಗೆ ಬೇರೆ ಬೇರೆ ದಾರಿಗಳಿವೆ.

ಒಂದು ಉದಾಹರಣೆ ಲೆಕ್ಕ ಹಾಕೋಣ. ಶೇ. 50 ಗ್ರೇಡಿನ 100 ಟನ್ ಪ್ಲಾಂಟ್‌ಗೆ ಹೋಯಿತು ಅಂದುಕೊಳ್ಳಿ. ಒಳಗೆ ಹೋದ ಕಬ್ಬಿಣ 50 ಟನ್. ಆ ಕಡೆಯಿಂದ ಶೇ. 62 ಗ್ರೇಡಿನ 60 ಟನ್ ಬಂತು, ಅದರಲ್ಲಿ ಕಬ್ಬಿಣ 37.2 ಟನ್. ಅಂದರೆ ಕಬ್ಬಿಣದ ನಾಲ್ಕರಲ್ಲಿ ಸುಮಾರು ಮೂರು ಪಾಲು ಕೈಗೆ ಸಿಕ್ಕಿತು. ಇದಕ್ಕೆ ರಿಕವರಿ ಅನ್ನುತ್ತಾರೆ. ಉಳಿದ 12.8 ಟನ್ ಕಬ್ಬಿಣ 40 ಟನ್ ಕೆಸರಿನ ಜೊತೆ ಹೋಯಿತು. ಈ ಕೆಸರಿಗೆ ಟೇಲಿಂಗ್ ಅಂತ ಹೆಸರು. ಕಂಪನಿಗಳು ಗ್ರೇಡಿನ ಅಂಕಿಯನ್ನು ದೊಡ್ಡದಾಗಿ ಹೇಳುತ್ತವೆ. ನನ್ನ ಪ್ರಕಾರ ದೇಶಕ್ಕೆ ಮುಖ್ಯವಾದ ಅಂಕಿ ರಿಕವರಿ. ನೆಲದಿಂದ ಒಮ್ಮೆ ತೆಗೆದ ಅದಿರು ಮತ್ತೆ ಹುಟ್ಟುವುದಿಲ್ಲ, ಅಲ್ವಾ?

ಕನ್ನಡಿಗರಿಗೆ ಇದರ ದೊಡ್ಡ ಪಾಠ ಕುದುರೆಮುಖದಲ್ಲಿದೆ. ಅಲ್ಲಿನ ಮ್ಯಾಗ್ನೆಟೈಟ್ (ಆಯಸ್ಕಾಂತಕ್ಕೆ ಅಂಟುವ ಕಬ್ಬಿಣದ ಆಕ್ಸೈಡ್) ಅದಿರಿನಲ್ಲಿ ಕಬ್ಬಿಣ ಶೇ. 38ರ ಆಸುಪಾಸು ಮಾತ್ರ. ಹಾಗೇ ಮಾರಲು ಆಗದ ಅದಿರು. 1976ರಲ್ಲಿ ಕಂಪನಿ ಶುರುವಾದಾಗ ಇರಾನ್ ದುಡ್ಡು ಹಾಕಲು, ಮಾಲು ಕೊಳ್ಳಲು ಒಪ್ಪಿತ್ತು. ಅದಿರನ್ನು ನುಣ್ಣಗೆ ಅರೆದು, ಶೇ. 67ರ ಹತ್ತಿರಕ್ಕೆ ಏರಿಸಿ, ನೀರಿನಲ್ಲಿ ಕಲಸಿ, 67 ಕಿಲೋಮೀಟರ್ ಪೈಪಿನಲ್ಲಿ ಘಟ್ಟ ಇಳಿಸಿ ಮಂಗಳೂರಿಗೆ ತಂದರು. 1979ರಲ್ಲಿ ಇರಾನಿನಲ್ಲಿ ಕ್ರಾಂತಿ ಆಯಿತು, ಗಿರಾಕಿ ಕೈಬಿಟ್ಟ. ಅಷ್ಟು ನುಣುಪಾದ ಪುಡಿಯನ್ನು ಕುಲುಮೆಗೆ ನೇರವಾಗಿ ಹಾಕುವಂತಿಲ್ಲ, ಗಾಳಿಯಾಡದೆ ಕಟ್ಟಿಕೊಳ್ಳುತ್ತದೆ. ಕೊನೆಗೆ ಮಂಗಳೂರಿನಲ್ಲೇ ಪೆಲೆಟ್ ಪ್ಲಾಂಟ್ ಕಟ್ಟಿ, ಪುಡಿಯನ್ನು ಗೋಲಿಯಷ್ಟು ಉಂಡೆ ಮಾಡಿ ಸುಟ್ಟು ಮಾರಿದರು. ಗಣಿ 2005ರ ಕೊನೆಗೆ ಸುಪ್ರೀಂ ಕೋರ್ಟ್ ಆದೇಶದಂತೆ ನಿಂತಿತು, ಅದು ಭದ್ರೆ ಹುಟ್ಟುವ ಕಾಡು. ಅಲ್ಲಿನ ಲಖ್ಯಾ ಅಣೆಕಟ್ಟಿನ ಹಿಂದೆ ಅಷ್ಟೂ ವರ್ಷಗಳ ಟೇಲಿಂಗ್ ಇಂದಿಗೂ ತುಂಬಿಕೊಂಡಿದೆ.

ಉಂಡೆ ಕಟ್ಟುವ ಈ ವಿದ್ಯೆ ಗೋವಾಕ್ಕೆ ಅದಕ್ಕೂ ಮೊದಲೇ ಬಂದಿತ್ತು. ಭಾರತದ ಮೊದಮೊದಲ ಪೆಲೆಟ್ ಪ್ಲಾಂಟ್‌ಗಳಲ್ಲೊಂದು 1960ರ ದಶಕದಲ್ಲೇ ಇಲ್ಲಿನ ಪಾಳೆಯಲ್ಲಿ ಎದ್ದಿತ್ತು. ಆದರೂ ಗೋವಾದ ಬಹುಪಾಲು ಅದಿರು ಬಾರ್ಜ್ ಹತ್ತಿ ಮಾಂಡೋವಿ, ಜುವಾರಿಯಲ್ಲಿ ಇಳಿದು ಮುರ್ಗಾಂವ್ ಬಂದರಿನಿಂದ ಹೊರದೇಶಕ್ಕೇ ಹೋಯಿತು. ಈ ಮಾಂಡೋವಿ ಬೇರೆ ಯಾವುದೂ ಅಲ್ಲ, ಖಾನಾಪುರದ ಕಡೆ ಹುಟ್ಟುವ ನಮ್ಮ ಮಹದಾಯಿ.

'ದೇಶದಲ್ಲಿ ಇಷ್ಟು ಕೋಟಿ ಟನ್ ಖನಿಜ ಸಿಕ್ಕಿದೆ' ಅನ್ನುವ ಸುದ್ದಿ ಓದಿ ನಾವು ಹಿಗ್ಗುತ್ತೇವೆ. 2023ರ ಫೆಬ್ರುವರಿಯಲ್ಲಿ ಜಮ್ಮುವಿನ ರಿಯಾಸಿಯಲ್ಲಿ 59 ಲಕ್ಷ ಟನ್ ಲಿಥಿಯಂ ಅದಿರು ಇರಬಹುದು ಅಂತ ಅಂದಾಜು ಬಂತು. ಮೊದಲ ಹರಾಜಿಗೆ ಸಾಕಷ್ಟು ಬಿಡ್‌ದಾರರೇ ಬರಲಿಲ್ಲ. ಅಲ್ಲಿನ ಲಿಥಿಯಂ ಜೇಡಿಯಲ್ಲಿ ಸೇರಿಕೊಂಡಿದೆ, ಅದನ್ನು ಲಾಭಕ್ಕೆ ಬೇರೆ ಮಾಡುವ ದಾರಿ ಇನ್ನೂ ಗಟ್ಟಿಯಾಗಿಲ್ಲ. ಇತ್ತ ರೇರ್ ಅರ್ತ್ ಅನ್ನುವ ಅಪರೂಪದ ಭಸ್ಮ ಲೋಹಗಳಲ್ಲಿ ಚೀನಾದ ಹಿಡಿತಕ್ಕೆ ಮುಖ್ಯ ಕಾರಣ ಅದರ ಸಂಸ್ಕರಣಾ ಘಟಕಗಳು. ಜಗತ್ತಿನ ಸುಮಾರು ಶೇ. 90 ಭಾಗ ಬೇರ್ಪಡಿಸುವ ಕೆಲಸ ಅಲ್ಲೇ ನಡೆಯುತ್ತದೆ. ಕಚ್ಚಾ ವಸ್ತುವಿನಲ್ಲಿ ದೇಶ ಗಟ್ಟಿಯಾಗಬೇಕಾದರೆ ಹೊಸ ಗಣಿ ತೆರೆದರೆ ಸಾಲದು. ಬಡ ಅದಿರನ್ನು ಹಸನು ಮಾಡುವ ಪ್ಲಾಂಟ್, ಅದಿರು ಪರೀಕ್ಷಿಸುವ ಲ್ಯಾಬ್, ಆ ಕೆಲಸ ಗೊತ್ತಿರುವ ಜನ ಬೇಕು. ಸಂಡೂರಿನ ಪಟ್ಟೆ ಪಟ್ಟೆ ಬಿಎಚ್‌ಕ್ಯು (ಹೆಮಟೈಟ್, ಕ್ವಾರ್ಟ್ಜೈಟ್ ಪದರಗಳ) ಬಂಡೆಯಲ್ಲೂ ಕಬ್ಬಿಣ ಇದೆ. ಅದನ್ನು ಅಗ್ಗಕ್ಕೆ ಬೇರೆ ಮಾಡಲು ಕಲಿತರೆ ಹೊಸ ಕಾಡು ಕಡಿಯುವ ಒತ್ತಡ ಅಷ್ಟು ಕಡಿಮೆಯಾಗುತ್ತದೆ.

ಇದಕ್ಕೆ ತೆರಬೇಕಾದ ಬೆಲೆಯೂ ಇದೆ, ಅದನ್ನು ಮುಚ್ಚಿಡಬಾರದು. ತೊಳೆಯಲು ನೀರು ಬೇಕು. ಜೇಡಿಯ ಕಣ ಎಷ್ಟು ನುಣುಪು ಅಂದರೆ ಟೇಲಿಂಗ್ ಕೊಳದಲ್ಲಿ ತಳ ಸೇರಲು ಬಹಳ ಕಾಲ ಹಿಡಿಯುತ್ತದೆ. ಗೋವಾದ ಮಳೆಗಾಲದಲ್ಲಿ ಕೊಳದ ಏರಿ ಒಡೆದರೆ ಆ ಕೆಸರು ಸೀದಾ ಹಳ್ಳಕ್ಕೆ, ಗದ್ದೆಗೆ. ಡಿಚೋಲಿ, ಸಾಂಗೆ ತಾಲೂಕಿನ ರೈತರು ಗದ್ದೆಗೆ ನುಗ್ಗಿದ ಕೆಂಪು ಹೂಳಿನ ಬಗ್ಗೆ, ಬತ್ತಿದ ಬಾವಿಗಳ ಬಗ್ಗೆ ವರ್ಷಗಟ್ಟಲೆ ಹೋರಾಡಿದ್ದಾರೆ. 2012ರಲ್ಲಿ ಗಣಿಗಾರಿಕೆ ನಿಂತಾಗ, 2018ರಲ್ಲಿ ಸುಪ್ರೀಂ ಕೋರ್ಟ್ 88 ಗುತ್ತಿಗೆಗಳ ನವೀಕರಣ ರದ್ದು ಮಾಡಿದಾಗ ಟ್ರಕ್ಕಿನ ಸಾಲ ಕಟ್ಟಲಾಗದೆ ನಮ್ಮವರೂ ನೊಂದರು. ಎರಡು ನೋವೂ ನಿಜ.

ಈಗ ಟೇಲಿಂಗ್ ಕೆಸರನ್ನು ಫಿಲ್ಟರ್ ಪ್ರೆಸ್‌ನಲ್ಲಿ ಹಿಂಡಿ, ನೀರನ್ನು ವಾಪಸ್ ಪ್ಲಾಂಟ್‌ಗೆ ಕೊಟ್ಟು, ಉಳಿದ ಮಣ್ಣನ್ನು ಒಣ ಹೆಂಟೆಯಾಗಿ ಪೇರಿಸುವ ಪದ್ಧತಿ ಬಂದಿದೆ. ಖರ್ಚು ಹೆಚ್ಚು, ಆದರೆ ದೊಡ್ಡ ಕೊಳದ ಭಯ ಇಲ್ಲ. ಖನಿಜ ಬೆನಿಫಿಸಿಯೇಷನ್ ಪ್ಲಾಂಟ್‌ಗೆ 2006ರ ಪರಿಸರ ಪರಿಣಾಮ ಅಂದಾಜು (ಇಐಎ) ಅಧಿಸೂಚನೆಯಂತೆ ಪರಿಸರ ಅನುಮತಿ ಬೇಕು, ದೊಡ್ಡ ಯೋಜನೆಗಳಿಗೆ ಜನರ ಅಹವಾಲು ಸಭೆಯೂ ನಡೆಯುತ್ತದೆ. ಕುಡಚಡೆ, ಉಸಗಾಂವ್ ಕಡೆ ಮನೆ ಮಾಡಿಕೊಂಡಿರುವ ಕನ್ನಡಿಗರು ಇಂಥ ಸಭೆಯಲ್ಲಿ ಹಿಂದಿನ ಬೆಂಚಿನಲ್ಲಿ ಕೂತು ಬರಬೇಡಿ. ರಿಕವರಿ ಎಷ್ಟು, ನೀರು ಯಾವ ಮೂಲದ್ದು, ಟೇಲಿಂಗ್ ಎಲ್ಲಿಗೆ ಹೋಗುತ್ತದೆ, ಜೂನ್‌ನಲ್ಲಿ ಮಳೆ ಹಿಡಿದಾಗ ಏನು ವ್ಯವಸ್ಥೆ ಅಂತ ಎದ್ದು ನಿಂತು ಕೇಳಿ. ಉತ್ತರವನ್ನು ಸಭೆಯ ನಡಾವಳಿಯಲ್ಲಿ ಬರೆಸಿ.